ಚಿತ್ರ ನೋಡಿ ಊಹಿಸಿ ಓದುತ್ತಾಳೆ, ಏನು ಮಾಡಲಿ?

ದಾವಣಗೆರೆ ಅಮ್ಮ:
ಮಗಳು ಎರಡನೇ ಕ್ಲಾಸು. ಹಸುವಿನ ಚಿತ್ರದ ಕೆಳಗೆ 'ಆಕಳು' ಅಂತಿದ್ದರೂ 'ಹಸು' ಅಂತ ಓದಿಬಿಡುತ್ತಾಳೆ. ಚಿತ್ರ ಮುಚ್ಚಿದರೆ ಬಾಯೇ ಬಿಡುವುದಿಲ್ಲ. ಒತ್ತಕ್ಷರ ಬಂದರೆ ಅಳು. ಗದರಿ ಕಾಗುಣಿತ ಹತ್ತು ಸಲ ಬರೆಸಿದೆ. ಈಗ ಪುಸ್ತಕ ಕಂಡರೇ ಓಡುತ್ತಾಳೆ.

ದುರ್ಗದ ಟೀಚರ್ (ನಿವೃತ್ತ):
ಮೊದಲು ಬರೆಸುವುದು ನಿಲ್ಲಿಸಿ ತಾಯಿ. ಚಿತ್ರ ನೋಡುವುದು ತಪ್ಪಲ್ಲ, ಅರ್ಧ ದಾರಿ ಅಷ್ಟೆ. 'ಹಸು' ಅಂದಾಗ 'ಮೊದಲ ಅಕ್ಷರ ಹ ಇದೆಯಾ, ನೋಡು' ಅನ್ನಿ. ಆಮೇಲೆ ಐದು ಎಣಿಸುವಷ್ಟು ಹೊತ್ತು ಸುಮ್ನೆ ಇರಿ. ಇದೇ ನಮಗೆ ಕಷ್ಟ! ಆಗಲೂ ಬಾರದಿದ್ದರೆ ಒಂದೊಂದೇ ಅಕ್ಷರ ಓದಿ ಕೂಡಿಸಲಿ. ಪದ ಸಿಕ್ಕಮೇಲೆ ಇಡೀ ವಾಕ್ಯ ಮತ್ತೆ ಮೊದಲಿಂದ ಓದಲಿ, ಅರ್ಥ ಕೂಡುತ್ತಾ ಅಂತ ಅವಳೇ ನೋಡಲಿ.

ಒತ್ತಕ್ಷರಕ್ಕೆ ನಮ್ಮೂರ ಹೆಸರೇ ಸಾಕು. 'ದುರ್ಗ'ದಲ್ಲಿ ಅರ್ಕಾವೊತ್ತನ್ನು ಗ ಆದಮೇಲೆ ಬರೆಯುತ್ತೇವೆ, ಓದುವಾಗ ಮೊದಲು ಹೇಳುತ್ತೇವೆ. ಮಕ್ಕಳು 'ದುಗ್ರ' ಅನ್ನುವುದು ಅದಕ್ಕೇ, ದಡ್ಡತನಕ್ಕಲ್ಲ. ನನ್ನ ಕ್ಲಾಸಲ್ಲಿ ವರ್ಷಕ್ಕೆ ನಾಲ್ಕು ಜನ ಹಾಗೆ ಓದುತ್ತಿದ್ದರು.

ಹರಿಹರದ ಅಪ್ಪ:
ನಮ್ಮ ಹುಡುಗ ಕಲಿತದ್ದು ಬಸ್ ಸ್ಟ್ಯಾಂಡಲ್ಲಿ. ಬೋರ್ಡ್ ಓದಿದರೆ ಮಂಡಕ್ಕಿ ಮಿರ್ಚಿ. ಹರಿಹರ ಸುಲಭ, ಆಮೇಲೆ ಜಗಳೂರು, ಕೊನೆಗೆ ಹೊನ್ನಾಳಿ. ಓದಿಸುತ್ತಾ ನಮ್ಮ ಬಸ್ಸೇ ಹೋಯಿತು, ಅದು ಬೇರೆ ಮಾತು.

ದಾವಣಗೆರೆ ಅಮ್ಮ:
ನಿನ್ನೆ ಐದು ಎಣಿಸಿದೆ ಮೇಡಂ. 'ಹಸು... ಅಲ್ಲ, ಆ... ಆಕಳು' ಅಂದಳು! ಸಾರ್, 'ಮಂಡಕ್ಕಿ'ಯಲ್ಲೂ ಒತ್ತಕ್ಷರ ಇದೆ ಅಲ್ವಾ? ಭಾನುವಾರ ಅಂಗಡಿ ಬೋರ್ಡಿಂದಲೇ ಶುರು ಮಾಡುತ್ತೇನೆ.