ಕಾಲು ಊದಿದ ಮಗುವಿಗೆ ಮೊದಲ ದಿನವೇ ತುಪ್ಪ, ಮೊಟ್ಟೆ?

ನಾಗರಾಜ: ಫಾರ್ವರ್ಡ್ ಬಂದಿದೆ, ನೋಡಿ: “ತೀರಾ ಸೊರಗಿದ ಮಗುವಿಗೆ ದಿನಕ್ಕೆ ಐದು ಸಲ ತುಪ್ಪ ಹಾಕಿದ ರಾಗಿ ಗಂಜಿ, ಎರಡು ಮೊಟ್ಟೆ, ಐರನ್ ಟಾನಿಕ್. ವಾರದಲ್ಲಿ ತೂಕ ಏರುತ್ತೆ.” ಅಂಗನವಾಡಿ ಗುಂಪುಗಳಿಗೆ ಕಳಿಸೋಣ್ವಾ?

ಸವಿತಾ: ಬೇಡ ನಾಗು. ಎರಡೂ ಪಾದ ಊದಿ, ಹಸಿವೇ ಸತ್ತಿರೋ ಮಗುಗೆ ಇದು ಅಪಾಯ.

ನಾಗರಾಜ: ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ, ಅಂದ್ರೆ ತೀವ್ರ ಅಪೌಷ್ಟಿಕತೆ ಇದ್ರೂ ಚುರುಕಾಗಿ ತಿನ್ನೋ ಮಕ್ಕಳಿರ್ತಾರೆ. ಅವರನ್ನೂ ಉಪವಾಸ ಕೆಡವೋದಾ?

ಸವಿತಾ: ಉಪವಾಸ ಯಾರಿಗೂ ಬೇಡ. ಊತ, ಜ್ವರ, ಭೇದಿ ಇಲ್ಲದೆ ತಿನ್ನೋ ಮಗುನ ಮನೇಲೇ ನೋಡ್ಕೋಬಹುದು, ಒಪ್ತೀನಿ. ಆದ್ರೆ ಕಾಯಿಲೆ ಬಿದ್ದ ಮಗುವಿನಲ್ಲಿ, ಸೋಡಿಯಂ ಹೊರಗೆ, ಪೊಟ್ಯಾಸಿಯಂ ಒಳಗೆ ತಳ್ಳೋ ಜೀವಕೋಶದ ಪಂಪ್ ನಿಧಾನವಾಗಿರುತ್ತೆ. ಸೋಡಿಯಂ ಒಳಗೆ ಸೇರುತ್ತೆ, ಪೊಟ್ಯಾಸಿಯಂ ಹೊರಗೆ ಸೋರಿ ಮೂತ್ರ, ಭೇದಿಯಲ್ಲಿ ಹೋಗಿಬಿಡುತ್ತೆ. ಆಗ ಒಮ್ಮೆಲೇ ಉಣಿಸಿದ್ರೆ ಇನ್ಸುಲಿನ್ ಏರಿ, ರಕ್ತದಲ್ಲಿ ಉಳಿದಿರೋ ಅಷ್ಟಿಷ್ಟು ಫಾಸ್ಫೇಟ್, ಪೊಟ್ಯಾಸಿಯಂ ಕೋಶದೊಳಗೆ ನುಗ್ಗುತ್ತೆ. ಹೃದಯದ ಸ್ನಾಯು ಮೊದಲೇ ಸವೆದಿದೆ. ಬಡಿತ ತಪ್ಪೋದು ಆಗಲೇ.

ರೇಷ್ಮಾ: ಲಿವರ್ ಮರೀಬೇಡ. ಊದಿದ ಮಕ್ಕಳಲ್ಲಿ ಅದು ಕೊಬ್ಬು ತುಂಬಿ ದಪ್ಪಗಾಗಿರುತ್ತೆ, ಗ್ಲೂಕೋಸ್ ತಯಾರಿಸೋ ಶಕ್ತಿ ಕಡಿಮೆ. ರಾತ್ರಿ ಒಂದು ಸರದಿ ಉಣಿಸೋದು ತಪ್ಪಿದ್ರೂ ರಕ್ತದ ಸಕ್ಕರೆ 100 ಮಿ.ಲೀ.ಗೆ 54 ಮಿ.ಗ್ರಾಂ.ಗಿಂತ ಕೆಳಗಿಳಿಯಬಹುದು, ಮೈ ತಣ್ಣಗಾಗುತ್ತೆ. ಎರಡೂ ಜೊತೆಜೊತೆಗೇ ಬರೋದು.

ನಾಗರಾಜ: ಹಾಗಾದ್ರೆ ಏನು ಕೊಡ್ಬೇಕು, ಎಷ್ಟು?

ಸವಿತಾ: ಎಫ್-75 ಹಾಲು, ಅಂದ್ರೆ ಇಂಥ ಮಕ್ಕಳಿಗೆ ಚಿಕಿತ್ಸೆಯ ಮೊದಲ ದಿನಗಳಲ್ಲಿ ಕೊಡೋ ವಿಶೇಷ ಹಾಲು. 100 ಮಿ.ಲೀ.ನಲ್ಲಿ 75 ಕಿಲೋ ಕ್ಯಾಲರಿ, ಪ್ರೋಟೀನ್ ಬರೀ 0.9 ಗ್ರಾಂ. ದಿನಕ್ಕೆ ಕೆ.ಜಿ.ಗೆ 130 ಮಿ.ಲೀ. 6 ಕೆ.ಜಿ. ಮಗುಗೆ ಎರಡು ಗಂಟೆಗೊಮ್ಮೆ 65 ಮಿ.ಲೀ., ರಾತ್ರಿಯೂ ಎಬ್ಬಿಸಿ. ಮೈಯೆಲ್ಲಾ ಊದಿದ್ರೆ ಕೆ.ಜಿ.ಗೆ 100 ಸಾಕು.

ರೇಷ್ಮಾ: ಐರನ್ ಈಗ ಬೇಡ. ಅದನ್ನ ಹಿಡಿದಿಡೋ ಪ್ರೋಟೀನೇ ರಕ್ತದಲ್ಲಿ ಕಡಿಮೆ, ಬಿಡಿ ಕಬ್ಬಿಣ ಸೋಂಕಿಗೆ ಮೇವಾಗುತ್ತೆ. ಹಸಿವು ತಿರುಗಿ, ತೂಕ ಏರೋಕೆ ಶುರುವಾದ ಮೇಲೆ ಕೊಡೋದು.

ನಾಗರಾಜ: ಊತ ಇಳಿಸೋಕೆ ಮೂತ್ರ ಹೆಚ್ಚಿಸೋ ಔಷಧಿ?

ಸವಿತಾ: ಖಂಡಿತ ಬೇಡ, ಇರೋ ಪೊಟ್ಯಾಸಿಯಮ್ಮೂ ಹೋಗುತ್ತೆ. ಪಾದದ ಮೇಲೆ ಹೆಬ್ಬೆರಳು ಮೂರು ಸೆಕೆಂಡ್ ಒತ್ತಿ ತೆಗೆದಾಗ ಉಳಿಯೋ ಕುಳಿ ದಿನದಿನಕ್ಕೆ ತೆಳುವಾಗ್ತಾ ಬರಬೇಕು. ಆ ದಿನಗಳಲ್ಲಿ ತೂಕ ಇಳಿಯೋದೇ ಒಳ್ಳೇ ಲಕ್ಷಣ. “ವಾರದಲ್ಲಿ ಏರುತ್ತೆ” ಅಂತ ನಂಬಿದ ತಾಯಿ ಇನ್ನಷ್ಟು ತುರುಕ್ತಾಳೆ, ಅದೇ ನನ್ನ ಭಯ.

ನಾಗರಾಜ: ಕಳಿಸಲ್ಲ. ಬದಲಿಗೆ ಏನು ಬರೀಲಿ?

ಸವಿತಾ: “ಎರಡೂ ಪಾದದಲ್ಲಿ ಕುಳಿ ಬಿದ್ದರೆ ಅವತ್ತೇ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ. ಮಗುವನ್ನು ಎದೆಗವಚಿ ಹೊದಿಸಿ. ಎಚ್ಚರವಿದ್ದು ನುಂಗುವಂತಿದ್ದರೆ ಹೊರಡುವ ಮೊದಲು ಮೂರೂವರೆ ಟೇಬಲ್ ಚಮಚ ನೀರಿಗೆ ಒಂದು ತುಂಬಿದ ಟೀ ಚಮಚ ಸಕ್ಕರೆ ಕಲಸಿ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ.”