ಸರ್ವೆ ಕೋಆರ್ಡಿನೇಟ್ ಕದಲದಂತೆ ಓರೆಯಾದ ನಕ್ಷೆಯನ್ನು ಹಾಳೆಯಲ್ಲಿ ನೇರವಾಗಿ ಕೂರಿಸುವುದು ಹೇಗೆ?

ಪ್ರಶ್ನೆ: ಬೆಣ್ಣೆನಗರಿ ಡ್ರಾಫ್ಟಿಂಗ್, ದಾವಣಗೆರೆ

ಮಾನ್ಯರೇ, ದಾವಣಗೆರೆಯ ಹೊರವಲಯದಲ್ಲಿ ಭದ್ರಾ ನಾಲೆಯ ಬದಿಗಿರುವ ಜಮೀನೊಂದರ ಬಡಾವಣೆ ನಕ್ಷೆಯನ್ನು ಆಟೋಕ್ಯಾಡ್‌ನಲ್ಲಿ ತಯಾರಿಸುತ್ತಿದ್ದೇನೆ. ಸರ್ವೆಯವರು ಕೊಟ್ಟ ಫೈಲಿನಲ್ಲಿ ಎಲ್ಲ ಬಿಂದುಗಳೂ ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಸ್ಥಾನ ಹೇಳುವ ಗ್ರಿಡ್) 43ನೇ ವಲಯದ ಕೋಆರ್ಡಿನೇಟ್‌ಗಳಲ್ಲಿವೆ. ಈಸ್ಟಿಂಗ್ (ಪೂರ್ವದ ಅಂಕಿ) ಸುಮಾರು ಆರು ಲಕ್ಷ ಮೀಟರ್, ನಾರ್ತಿಂಗ್ (ಉತ್ತರದ ಅಂಕಿ) ಹದಿನಾರು ಲಕ್ಷದ ಆಸುಪಾಸು. ಮುಖ್ಯ ರಸ್ತೆ ಎಕ್ಸ್ ಅಕ್ಷಕ್ಕೆ 32 ಡಿಗ್ರಿ ಓರೆಯಾಗಿರುವುದರಿಂದ 9×12 ಮೀಟರಿನ ಸೈಟುಗಳನ್ನು ಎಳೆಯುವಾಗ ಆರ್ಥೋ (ಗೆರೆಯನ್ನು ಅಕ್ಷಗಳ ದಿಕ್ಕಿನಲ್ಲಷ್ಟೇ ಎಳೆಯಲು ಬಿಡುವ ಸೌಲಭ್ಯ) ಉಪಯೋಗಕ್ಕೆ ಬರುತ್ತಿಲ್ಲ, ಎ1 ಹಾಳೆಯಲ್ಲಿಯೂ ನಕ್ಷೆ ಮೂಲೆಯಿಂದ ಮೂಲೆಗೆ ಮಲಗಿ ಜಾಗ ವ್ಯರ್ಥವಾಗುತ್ತಿದೆ. ಇಡೀ ನಕ್ಷೆಗೆ ‘ರೊಟೇಟ್’ ಕೊಟ್ಟು ನೇರ ಮಾಡಿಬಿಡಿ ಎಂದು ಕಚೇರಿಯ ಹಿರಿಯರು ಹೇಳುತ್ತಾರೆ. ಆದರೆ ನಾಳೆ ಇದೇ ಫೈಲಿನ ಕೋಆರ್ಡಿನೇಟ್ ಹಿಡಿದು ಸೈಟಿನ ಕಲ್ಲು ನೆಡಬೇಕಾಗಿದೆ. ನಕ್ಷೆಯನ್ನು ಮುಟ್ಟದೆ ನೋಟವನ್ನಷ್ಟೇ ತಿರುಗಿಸುವ ದಾರಿ ಯಾವುದು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ 1: ಕೋಟೆನಾಡು ಸರ್ವೆ, ಚಿತ್ರದುರ್ಗ

‘ರೊಟೇಟ್’ ಅನ್ನು ಖಂಡಿತ ಬಳಸಬೇಡಿ. ಆ ಆಜ್ಞೆ ಗೆರೆಗಳನ್ನೇ ಸರಿಸುತ್ತದೆ; ಆಧಾರಬಿಂದು ಕೇಳಿದಾಗ ಯಾರಾದರೂ 0,0 ಎಂದು ಕೊಟ್ಟರೆ ನಿಮ್ಮ ಬಡಾವಣೆ ಒಂಬೈನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ಕೂರುತ್ತದೆ, ಬೇರೆ ಬಿಂದು ಕೊಟ್ಟರೂ ಸರ್ವೆಯ ಅಂಕಿಗಳು ಉಳಿಯುವುದಿಲ್ಲ.

ಇಲ್ಲಿ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ಗೆರೆಗಳು ಇರುವುದು ವರ್ಲ್ಡ್ ಕೋಆರ್ಡಿನೇಟ್ ವ್ಯವಸ್ಥೆಯಲ್ಲಿ, ಅದು ಎಂದಿಗೂ ಅಲುಗುವುದಿಲ್ಲ. ನೀವು ಟೈಪ್ ಮಾಡುವ ಅಂಕಿ, ಆರ್ಥೋ, ಲೀನಿಯರ್ ಡೈಮೆನ್ಷನ್ ಇವೆಲ್ಲ ಅನುಸರಿಸುವುದು ಯುಸಿಎಸ್, ಅಂದರೆ ಬಳಕೆದಾರರು ತಾವೇ ಇಟ್ಟುಕೊಳ್ಳುವ ಅಕ್ಷಗಳನ್ನು; 1988ರ ರಿಲೀಸ್ 10ರಿಂದಲೂ ಈ ಸೌಲಭ್ಯ ಆಟೋಕ್ಯಾಡ್‌ನಲ್ಲಿದೆ. ಮೂರನೆಯದು ಪರದೆಯ ಮೇಲಿನ ನೋಟ. ಯುಸಿಎಸ್ ತಿರುಗಿಸಿದ ಮಾತ್ರಕ್ಕೆ ನೋಟ ತಿರುಗುವುದಿಲ್ಲ, ನೋಟ ತಿರುಗಿಸಿದ ಮಾತ್ರಕ್ಕೆ ಯುಸಿಎಸ್ ತಿರುಗುವುದಿಲ್ಲ, ಮತ್ತು ಇವೆರಡರಲ್ಲಿ ಯಾವುದನ್ನು ಮಾಡಿದರೂ ಗೆರೆಗಳಿಗೆ ಏನೂ ಆಗುವುದಿಲ್ಲ.

ಆದ್ದರಿಂದ ಯುಸಿಎಸ್ ಆಜ್ಞೆ ಕೊಟ್ಟು, ‘ಆಬ್ಜೆಕ್ಟ್’ ಆಯ್ಕೆಯಲ್ಲಿ ರಸ್ತೆಯ ಅಂಚಿನ ಗೆರೆಯನ್ನು ಮುಟ್ಟಿ. ಎಕ್ಸ್ ಅಕ್ಷ ಆ ಗೆರೆಗೆ ಹೊಂದಿಕೊಳ್ಳುತ್ತದೆ. ಗೆರೆಯ ಯಾವ ತುದಿಯ ಹತ್ತಿರ ಕ್ಲಿಕ್ ಮಾಡುತ್ತೀರೋ ಆ ತುದಿಯೇ ಮೂಲಬಿಂದುವಾಗುವುದರಿಂದ ತಪ್ಪು ತುದಿ ಹಿಡಿದರೆ ನಕ್ಷೆ ತಲೆಕೆಳಗಾಗಿ ಕಾಣಬಹುದು. ಬಳಿಕ ‘ಪ್ಲ್ಯಾನ್’ ಕೊಟ್ಟು ‘ಕರೆಂಟ್’ ಆರಿಸಿದರೆ ರಸ್ತೆ ಪರದೆಯಲ್ಲಿ ಅಡ್ಡಲಾಗಿ ನೇರವಾಗುತ್ತದೆ, ಆರ್ಥೋ ಕೂಡ ಸೈಟುಗಳ ದಿಕ್ಕಿನಲ್ಲೇ ನಡೆಯುತ್ತದೆ. ಈ ಯುಸಿಎಸ್‌ಗೆ ಒಂದು ಹೆಸರು ಕೊಟ್ಟು ಉಳಿಸಿಕೊಂಡರೆ ಮತ್ತೆ ಮತ್ತೆ ಹುಡುಕುವ ತಾಪತ್ರಯವಿರುವುದಿಲ್ಲ. ‘ಸ್ನ್ಯಾಪ್‌ಆಂಗ್’ ಅನ್ನು 32ಕ್ಕೆ ಇಟ್ಟರೂ ಆರ್ಥೋ ಓರೆಯಾಗಿ ನಡೆಯುತ್ತದೆಯಾದರೂ, ಅದರಿಂದ ಅಕ್ಷರಗಳಾಗಲಿ ಹಾಳೆಯಾಗಲಿ ನೇರವಾಗುವುದಿಲ್ಲ. ನಿಮ್ಮ ಕೆಲಸಕ್ಕೆ ಅದು ಸಾಲದು.

ಉತ್ತರ 2: ಲೇಔಟ್ ಮೇಜು, ದಾವಣಗೆರೆ

ಹಾಳೆಯ ವಿಷಯಕ್ಕೆ ಒಂದು ಸೇರ್ಪಡೆ. ಲೇಔಟ್‌ನಲ್ಲಿ, ಅಂದರೆ ಪ್ರಿಂಟಿನ ಹಾಳೆಯಲ್ಲಿ, ನಕ್ಷೆಯನ್ನು ತೋರಿಸುವ ಕಿಟಕಿಯಾದ ವ್ಯೂಪೋರ್ಟ್‌ನ ಒಳಗೆ ಹೋಗಿ ‘ಪ್ಲ್ಯಾನ್’ ಕೊಟ್ಟರೆ ನೋಟ ತಿರುಗುವುದರ ಜೊತೆಗೆ ಇಡೀ ನಕ್ಷೆ ತುಂಬುವಷ್ಟು ಜೂಮ್ ಕೂಡ ಆಗಿಬಿಡುತ್ತದೆ, ಆದ್ದರಿಂದ ಮೊದಲು ಇಟ್ಟಿದ್ದ ಸ್ಕೇಲ್ ಹೋಗುತ್ತದೆ. ಮೀಟರಿನಲ್ಲಿ ಎಳೆದ ನಕ್ಷೆ, ಮಿಲಿಮೀಟರಿನ ಹಾಳೆ, 1:500 ಸ್ಕೇಲ್ ಎಂದಾದರೆ ಮತ್ತೆ ಜೂಮ್ ಕೊಟ್ಟು ‘2ಎಕ್ಸ್‌ಪಿ’ (ನಕ್ಷೆಯ ಒಂದು ಮೀಟರಿಗೆ ಹಾಳೆಯ ಎರಡು ಮಿಲಿಮೀಟರ್) ಎಂದು ಟೈಪ್ ಮಾಡಬೇಕು. ಸ್ಕೇಲ್ ಉಳಿಸಿಕೊಂಡೇ ತಿರುಗಿಸಬೇಕೆಂದರೆ ‘ಡಿವ್ಯೂ’ ಆಜ್ಞೆಯ ‘ಟ್ವಿಸ್ಟ್’ ವಾಸಿ. ಅದರಲ್ಲಿ ಚಿಹ್ನೆಯ ಗೊಂದಲವೊಂದಿದೆ: ರಸ್ತೆ ಅಪ್ರದಕ್ಷಿಣವಾಗಿ 32 ಡಿಗ್ರಿ ಏರಿದ್ದರೆ ನೋಟವನ್ನು ಹಿಂದಕ್ಕೆ ತಿರುಗಿಸಬೇಕಾದ್ದರಿಂದ -32 ಅಥವಾ 328 ಕೊಡಬೇಕು. ಕೆಲಸ ಮುಗಿದ ಕೂಡಲೇ ವ್ಯೂಪೋರ್ಟನ್ನು ಲಾಕ್ ಮಾಡಿ. ಲಾಕ್ ಮಾಡದ ವ್ಯೂಪೋರ್ಟಿನೊಳಗೆ ಮೌಸಿನ ಗಾಲಿ ಒಮ್ಮೆ ಉರುಳಿದರೂ ಸಾಕು, ಸ್ಕೇಲ್ ಕೆಟ್ಟದ್ದು ಪ್ರಿಂಟ್ ಬಂದ ಮೇಲಷ್ಟೇ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ನೋಟ ನೇರವಾಯಿತು, ಸೈಟುಗಳನ್ನೂ ಎಳೆಯುತ್ತಿದ್ದೇನೆ. ಆದರೆ ಈಗ ಬಿಂದುವಿನ ಅಂಕಿ ತೋರಿಸುವ ‘ಐಡಿ’ ಆಜ್ಞೆ ಕೊಟ್ಟು ಮೂಲೆಕಲ್ಲನ್ನು ಮುಟ್ಟಿದರೆ ಆರು ಲಕ್ಷದ ಬದಲು ಎರಡು ಮೂರು ಅಂಕಿಯ ಸಣ್ಣ ಸಂಖ್ಯೆಗಳು ಬರುತ್ತಿವೆ. ಕಲ್ಲು ನೆಡುವ ಪಟ್ಟಿಗೆ ಯಾವುದನ್ನು ಬರೆಯಬೇಕು?

ಉತ್ತರ 3: ಕೋಟೆನಾಡು ಸರ್ವೆ, ಚಿತ್ರದುರ್ಗ

ಗಾಬರಿ ಬೇಡ, ಬಿಂದು ಇದ್ದಲ್ಲೇ ಇದೆ. ‘ಐಡಿ’, ಪ್ರಾಪರ್ಟೀಸ್ ಪಟ್ಟಿ, ಆರ್ಡಿನೇಟ್ ಡೈಮೆನ್ಷನ್ ಇವೆಲ್ಲ ಸದ್ಯದ ಯುಸಿಎಸ್‌ನ ಅಂಕಿಯನ್ನೇ ಹೇಳುತ್ತವೆ. ಪಟ್ಟಿ ಬರೆಯುವ ಮುನ್ನ ಯುಸಿಎಸ್ ಕೊಟ್ಟು ‘ವರ್ಲ್ಡ್’ಗೆ ಮರಳಿ. ‘ಯುಸಿಎಸ್‌ಫಾಲೋ’ ಎಂಬ ಸೆಟ್ಟಿಂಗ್ 0 ಇರುವವರೆಗೆ ನೋಟ ನೇರವಾಗಿಯೇ ಉಳಿಯುತ್ತದೆ, ಅಂಕಿಗಳು ಮಾತ್ರ ಸರ್ವೆಯವಾಗುತ್ತವೆ. ಅದು 1 ಆಗಿದ್ದರೆ ಯುಸಿಎಸ್ ಬದಲಿಸಿದಾಗಲೆಲ್ಲ ಪರದೆಯೂ ತಿರುಗುತ್ತದೆ. ಇನ್ನು ಓರೆ ಯುಸಿಎಸ್‌ನಲ್ಲಿ ಇದ್ದುಕೊಂಡೇ ಸರ್ವೆಯ ಒಂದು ಬಿಂದುವನ್ನು ಗುರುತಿಸಬೇಕಾದರೆ ಅಂಕಿಯ ಮುಂದೆ ನಕ್ಷತ್ರ ಚಿಹ್ನೆ ಹಾಕಿ ಟೈಪ್ ಮಾಡಿ. ಅದನ್ನು ವರ್ಲ್ಡ್ ಕೋಆರ್ಡಿನೇಟ್ ಎಂದೇ ತೆಗೆದುಕೊಳ್ಳುತ್ತದೆ.

ಉತ್ತರ 4: ಹಳೆಯ ಪ್ಲಾಟರ್, ಹರಿಹರ

ಬಡಾವಣೆಗೆ ಮೇಲಿನ ಕ್ರಮವೇ ಸರಿ. ಆದರೆ ಅದೇ ಫೈಲಿನಲ್ಲಿ ಮನೆಯ ಪ್ಲಾನ್, ಸೆಕ್ಷನ್ ಎಲ್ಲವನ್ನೂ ಓರೆ ಯುಸಿಎಸ್‌ನಲ್ಲಿ ಎಳೆಯುವುದನ್ನು ನಾನು ಒಪ್ಪುವುದಿಲ್ಲ. ಕಟ್ಟಡವನ್ನು ಬೇರೆ ಫೈಲಿನಲ್ಲಿ, 0,0 ಹತ್ತಿರ, ನೆಟ್ಟಗೆ ಎಳೆದು, ವರ್ಲ್ಡ್‌ನಲ್ಲಿದ್ದಾಗ ಸರ್ವೆ ಫೈಲಿಗೆ ಎಕ್ಸ್‌ರೆಫ್ (ಹೊರಗಿನ ಫೈಲಿನ ಜೋಡಣೆ) ಆಗಿ 32 ಡಿಗ್ರಿ ಕೊಟ್ಟು ಜೋಡಿಸಿ. ಓರೆ ಯುಸಿಎಸ್‌ನಲ್ಲಿದ್ದು ಜೋಡಿಸಿದರೆ ಅದು ಆ ಅಕ್ಷಕ್ಕೇ ಹೊಂದಿಕೊಳ್ಳುವುದರಿಂದ ಮೇಲೆ ಇನ್ನೊಂದು 32 ಸೇರಿಬಿಡುತ್ತದೆ.

ಉತ್ತರ ದಿಕ್ಕಿನ ಬಾಣವನ್ನು ಲೇಔಟ್‌ನಲ್ಲಿ ಕಣ್ಣಂದಾಜಿನಲ್ಲಿ ಇಡಬೇಡಿ. ನಕ್ಷೆ ಎಳೆಯುವ ಜಾಗವಾದ ಮಾಡೆಲ್‌ನಲ್ಲಿ, ವರ್ಲ್ಡ್‌ನ ವೈ ಅಕ್ಷದ ದಿಕ್ಕಿಗೆ ಹಾಕಿದರೆ ವ್ಯೂಪೋರ್ಟ್ ತಿರುಗಿದಾಗ ಅದೂ ತಾನಾಗಿ ತಿರುಗುತ್ತದೆ. ಅದು ತೋರಿಸುವುದು ಗ್ರಿಡ್‌ನ ಉತ್ತರವನ್ನು ಎಂಬುದು ನೆನಪಿರಲಿ: 43ನೇ ವಲಯದ ಮಧ್ಯರೇಖೆ 75 ಡಿಗ್ರಿ ರೇಖಾಂಶ, ದಾವಣಗೆರೆ ಅದರಿಂದ ಪೂರ್ವಕ್ಕಿರುವುದರಿಂದ ಗ್ರಿಡ್‌ನ ಉತ್ತರ ನಿಜವಾದ ಉತ್ತರಕ್ಕಿಂತ ಸುಮಾರು 0.23 ಡಿಗ್ರಿ ಪೂರ್ವಕ್ಕೆ ವಾಲಿರುತ್ತದೆ, ಚಿತ್ರದುರ್ಗದಲ್ಲಿ ಇನ್ನೂ ತುಸು ಹೆಚ್ಚು. ಹಾಳೆಯ ಮೇಲಿನ ಬಾಣಕ್ಕೆ ಅದು ಲೆಕ್ಕಕ್ಕಿಲ್ಲ. ಆದರೆ ಯಾರಾದರೂ ಸೂರ್ಯನನ್ನು ನೋಡಿ ಸಾಧಿಸಿದ ನಿಜ ಉತ್ತರವನ್ನು ಹಿಡಿದು ನೂರು ಮೀಟರಿನ ಗೆರೆ ಎಳೆದರೆ, ಆ ಗೆರೆಯ ತುದಿ ನಿಮ್ಮ ಪಟ್ಟಿಯ ಕಲ್ಲಿನಿಂದ ನಲವತ್ತು ಸೆಂಟಿಮೀಟರಿನಷ್ಟು ಪಕ್ಕಕ್ಕೆ ಬೀಳುತ್ತದೆ.