ಅಪ್‌ಡೇಟ್: ಅಪಾರ್ಟ್‌ಮೆಂಟ್ ಮರದ ಕೊಟೇಶನ್, ಕೆಲಸ ನಮಗೇ ಸಿಕ್ತು

ಬೆಂಗಳೂರಲ್ಲಿ ಒಂದು ಅಪಾರ್ಟ್‌ಮೆಂಟ್‌ನ ರೈನ್ ಟ್ರೀ, ಗುಲ್‌ಮೊಹರ್ ಕೊಂಬೆ ಸವರೋದು, ಒಣಗಿದ ಸಿಲ್ವರ್ ಓಕ್ ತೆಗೆಯೋದು, ರೇಟ್ ಹೆಂಗೆ ಹಾಕ್ಲಿ ಅಂತ ಕೇಳಿದ್ನಲ್ಲ, ಎಲ್ರಿಗೂ ಥ್ಯಾಂಕ್ಸ್.

ಮರಕ್ಕಿಷ್ಟು ಅನ್ನೋ ಲೆಕ್ಕ ಕೂಡ್ಲಿಲ್ಲ, ಯಾಕಂದ್ರೆ ಒಂದೇ ದಪ್ಪದ ಎರಡು ಮರದಲ್ಲಿ ಒಂದು ಖಾಲಿ ಜಾಗದಲ್ಲಿದೆ, ಕಡಿದು ಬೀಳಿಸಿದ್ರೆ ಮುಗೀತು, ಇನ್ನೊಂದು ಕಾರ್ ಶೆಡ್ ಮೇಲೆ ಬಾಗಿದೆ, ಪ್ರತಿ ತುಂಡೂ ಹಗ್ಗ ಕಟ್ಟಿ ಇಳಿಸ್ಬೇಕು, ಅರ್ಧ ದಿನ ಅದಕ್ಕೇ ಹೋಗುತ್ತೆ. ಒಬ್ರು ಹೇಳಿದ ದಿನದ ಲೆಕ್ಕನೇ ವರ್ಕೌಟ್ ಆಯ್ತು: ಮರ ಹತ್ತೋರು, ಹೆಲ್ಪರ್‌ಗಳು, ಚೈನ್‌ಸಾ ಪೆಟ್ರೋಲ್ ಆಯಿಲ್ ಎಲ್ಲಾ ಸೇರಿ ದಿನಕ್ಕೆಷ್ಟು, ಮೇಲೆ ಲಾಭ, ಸೊಪ್ಪು ಸೌದೆ ಸಾಗಿಸೋ ಗಾಡಿ ಬಾಡಿಗೆ ಬೇರೆ ಲೈನ್. ಆ ಲೈನ್ ನೋಡಿನೇ ಕಮಿಟಿಯವ್ರು ಒಪ್ಪಿದ್ದು, ನಮಗಿಂತ ಕಮ್ಮಿ ಕೊಟ್ಟಿದ್ದೋನು ಕಸ ಯಾರು ಎತ್ತೋದು ಅಂತಾನೇ ಬರ್ದಿರ್ಲಿಲ್ವಂತೆ!

ಸೌದೆ ಮಾರ್ಕೊಂಡು ರೇಟ್ ಇಳಿಸಿ ಅನ್ನೋ ಸಲಹೆ ನಡೀಲಿಲ್ಲ, ರೈನ್ ಟ್ರೀ ಕೊಂಬೆನ ಸಾಮಿಲ್‌ನೋರು ಮೂಸೂ ನೋಡ್ಲಿಲ್ಲ.

ಇನ್ನೊಂದು, 1976ರ ವೃಕ್ಷ ಸಂರಕ್ಷಣಾ ಕಾಯ್ದೆಲಿ ಸಿಲ್ವರ್ ಓಕ್, ತೆಂಗು, ನೀಲಗಿರಿಗೆಲ್ಲ ವಿನಾಯ್ತಿ ಇದ್ಯಂತೆ, ನನಗೆ ಗೊತ್ತೇ ಇರ್ಲಿಲ್ಲ. ಬೇರೆ ಮರ ಕಡಿಯೋದಾದ್ರೆ ಟ್ರೀ ಆಫೀಸರ್ ಪರ್ಮಿಷನ್ ಬೇಕೇ ಬೇಕು, ಅದು ಓನರ್ ತರ್ಬೇಕು ಅಂತ ಕೊಟೇಶನ್‌ನಲ್ಲೇ ಹಾಕ್ಬಿಡಿ. ಅಡ್ವಾನ್ಸ್ ಬಂದಿದೆ, ತಂತಿ ಪಕ್ಕದ ಮರಕ್ಕೆ ಮಾತ್ರ ಲೈನ್‌ಮನ್ ಕರೆಂಟ್ ಆಫ್ ಮಾಡ್ಕೊಡೋದು ಬಾಕಿ.